ದುಡಿಯುವವರ ಕಾವ್ಯ

ಸಾಹಿತ್ಯವು ಬರಿಯ ವಿರಾಮಕಾಲದ ವಿನೋದವೆಂಬ ಭಾವನೆ ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೂರ್ವ ಯೂರೋಪಿನಿಂದ ನ್ಯೂಯಾರ್ಕಿಗೆ ವಲಸೆ ಬಂದ ಯೆಹೂದ್ಯರು ಇಕ್ಕಟ್ಟಾದ ಉಡುಪಿನ ಕಾರ್ಖಾನೆಗಳಲ್ಲಿ ಹಗಲಿರುಳು ದುಡಿಯುತ್ತಿದ್ದರು. ಅವರಲ್ಲೊಬ್ಬನಾದ ಮಾರಿಸ್ ರೋಸೆನ್‌ಫೆಲ್ಡ್ (1862–1923) ಆ ಬವಣೆಯನ್ನು ತಾಯ್ನುಡಿಯಾದ ಯಿಡ್ಡಿಷ್‌ನಲ್ಲಿ ಹಾಡಿದನು. ಯಂತ್ರದ ಸದ್ದಿನಲ್ಲಿ ತಾನೇ ಯಂತ್ರವಾಗುವ ಮನುಷ್ಯ, ತಂದೆ ಮನೆಗೆ ಬರುವ ವೇಳೆಗೆ ನಿದ್ದೆಹೋಗಿರುವ ಮಗು ಅವನ ಕಾವ್ಯದ ವಸ್ತುಗಳು. ತಮ್ಮೊಬ್ಬರ ಪಾಲಿನದೆಂದುಕೊಂಡಿದ್ದ ದುಃಖವು ಎಲ್ಲರದೆಂದು ಕೇಳಿದವರು ಅರಿತರು. ಈ ಅರಿವೇ ಸಂಘಟನೆಯ ಬೀಜ. 1911ರಲ್ಲಿ ಟ್ರಯಾಂಗಲ್ ಕಾರ್ಖಾನೆಯ ಬೆಂಕಿಗೆ 146 ಮಂದಿ ಬಲಿಯಾದಾಗ ಅವನ ಶೋಕಗೀತೆಯು ಯಿಡ್ಡಿಷ್ ದಿನಪತ್ರಿಕೆಯ ಮೊದಲ ಪುಟದಲ್ಲಿ ಅಚ್ಚಾಯಿತು. ಮುಂದೆ ಆ ರಾಜ್ಯದಲ್ಲಿ ಕಾರ್ಮಿಕರ ಸುರಕ್ಷತೆಗಾಗಿ ಹೊಸ ಕಾನೂನುಗಳು ಬಂದವು. ಅವನ್ನು ತಂದವರು ಹೋರಾಟಗಾರರು. ದುಡಿಯುವವರ ಎದೆಯಲ್ಲಿ ಧೈರ್ಯ ತುಂಬಿದವರಲ್ಲಿ ಈ ಕವಿಯೂ ಒಬ್ಬನು.