ತಂತ್ರಾಂಶಕ್ಕೂ ಬಿಡಿಭಾಗಗಳ ಪಟ್ಟಿ ಬೇಕು

ಯಂತ್ರ ಕೊಳ್ಳುವ ಉದ್ಯಮಿ ಬಿಡಿಭಾಗಗಳ ಪಟ್ಟಿ ಕೇಳುತ್ತಾನೆ; ಬಿಲ್ಲಿಂಗ್ ತಂತ್ರಾಂಶ ಕೊಳ್ಳುವಾಗ ಕೇಳುವುದಿಲ್ಲ. ಈ ಉದಾಸೀನದ ಅಪಾಯವನ್ನು 2021ರ ಡಿಸೆಂಬರ್ ತೋರಿಸಿಕೊಟ್ಟಿತು. ಜಾವಾ ತಂತ್ರಾಂಶಗಳು ತಮ್ಮ ದಿನಚರಿ, ಅಂದರೆ ಲಾಗ್, ಬರೆಯಲು ಬಳಸುವ ‘ಲಾಗ್‌ಫೋರ್‌ಜೆ 2’ ಲೈಬ್ರರಿಯ ದೋಷವೊಂದು ಆಗ ಬಯಲಾಯಿತು. ಲಾಗ್‌ಗೆ ಸೇರುವ ಒಂದು ಸಾಲಿನ ಮೂಲಕವೇ ಹೊರಗಿನವರು ಸರ್ವರಿನಲ್ಲಿ ತಮ್ಮ ಆಜ್ಞೆ ನಡೆಸಬಹುದಾಗಿತ್ತು. ತೀವ್ರತೆಯ ಅಂಕ 10ಕ್ಕೆ 10. ತಿದ್ದುಪಡಿ ಬೇಗನೆ ಬಂದರೂ ಆ ಲೈಬ್ರರಿ ತಮ್ಮಲ್ಲಿದೆಯೇ ಎಂಬುದೇ ಅನೇಕರಿಗೆ ತಿಳಿದಿರಲಿಲ್ಲ. ಅದು ಬೇರೆ ಲೈಬ್ರರಿಗಳ ಬೆನ್ನೇರಿ ಒಳಬಂದಿತ್ತು.

ಇದಕ್ಕೊಂದು ಶಿಸ್ತು ಉಂಟು. ಕಂಪೈಲ್ ಹಂತದಲ್ಲಿ ತಂತ್ರಾಂಶವು ‘ಎಸ್‌ಎಲ್‌ಎಫ್‌ಫೋರ್‌ಜೆ’ಯಂತಹ ಮಧ್ಯವರ್ತಿಯನ್ನಷ್ಟೇ ಅವಲಂಬಿಸಬೇಕು. ಲಾಗ್ ಬರೆಯುವ ನಿಜವಾದ ಲೈಬ್ರರಿಯನ್ನು, ಅದೂ ಒಂದನ್ನೇ, ಚಾಲನೆಯ ಹಂತದಲ್ಲಿ ಜೋಡಿಸಬೇಕು. ಆಗ ದೋಷಯುಕ್ತ ಭಾಗವನ್ನು ಬದಲಿಸಲು ಇಡೀ ತಂತ್ರಾಂಶವನ್ನು ತಿದ್ದಿ ಬರೆಯಬೇಕಾಗಿಲ್ಲ.

ಇದು ತಂತ್ರಜ್ಞರ ವಿಷಯವೆಂದು ವರ್ತಕರು ಕೈತೊಳೆದುಕೊಳ್ಳುವಂತಿಲ್ಲ. 2022ರ ಏಪ್ರಿಲ್ 28ರ ಸಿಇಆರ್‌ಟಿ-ಇನ್ ನಿರ್ದೇಶನಗಳ ಪ್ರಕಾರ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಸೈಬರ್ ದುರ್ಘಟನೆಯನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಆದುದರಿಂದ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಮೂರು ಅಂಶಗಳಿರಲಿ: ಆವೃತ್ತಿ ಸಹಿತ ಲೈಬ್ರರಿಗಳ ಪಟ್ಟಿ, ದೋಷ ಸರಿಪಡಿಸುವ ಗಡುವು, ಅದರ ವೆಚ್ಚ ಯಾರದೆಂಬ ಸ್ಪಷ್ಟನೆ. ಪಟ್ಟಿ ಕೊಡುವುದು ಹೊರೆಯೆಂಬ ವಾದ ನಿಲ್ಲದು; ‘ಮೇವನ್’ನಂತಹ ಸಾಧನ ಅದನ್ನು ಒಂದೇ ಆಜ್ಞೆಗೆ ಒದಗಿಸುತ್ತದೆ. ಕೊಡಲೊಪ್ಪದ ಮಾರಾಟಗಾರನಿಗೆ ಲೆಕ್ಕಪುಸ್ತಕವನ್ನು ಒಪ್ಪಿಸುವುದು ವ್ಯಾಪಾರ ವಿವೇಕವಲ್ಲ.