‘ಸೂಪರ್’ ಎಂದರೆ ಸಾಕೇ?

ಕಳೆದ ತಿಂಗಳು ನಮ್ಮ ಭಿತ್ತಿಪತ್ರಿಕೆಗೆ ನಾನೊಂದು ಫೋಟೋ ಕೊಟ್ಟಿದ್ದೆ. ಕರಿ ಗ್ರಾನೈಟ್ ತುಂಡಿನ ಮೇಲೆ ಒಂದು ದಾಳಿಂಬೆ, ಎರಡು ಮೂಸಂಬಿ, ಕೆಳಗೆ ಅವುಗಳ ಪ್ರತಿಬಿಂಬ. ನೋಡಿದವರೆಲ್ಲ ‘ಸೂಪರ್’, ‘ಮಾಶಾ ಅಲ್ಲಾಹ್’ ಎಂದರು. ಒಬ್ಬ ಸಹಪಾಠಿ ಮಾತ್ರ, “ದಾಳಿಂಬೆಯ ಕಿರೀಟದ ಒಳಭಾಗ ಪ್ರತಿಬಿಂಬದಲ್ಲೂ ಕಾಣ್ತಿದೆಯಲ್ಲ, ಅದು ಹೇಗೆ?” ಎಂದು ಕೇಳಿದಳು. ಎಲ್ಲರ ಮುಂದೆ ಕೇಳಿದಳೆಂದು ನನಗೆ ಸಿಟ್ಟು ಬಂತು. ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ.

ನಿಜ ಹೇಳಬೇಕೆಂದರೆ, ಆ ಪ್ರತಿಬಿಂಬ ನಾನು ಮೊಬೈಲಿನಲ್ಲಿ ಮಾಡಿದ್ದು. ಕಲ್ಲಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಅಸಲಿ ಬಿಂಬ ಹಾಳಾಗಿತ್ತು. ಹಾಗಾಗಿ ಹಣ್ಣುಗಳನ್ನೇ ಕಾಪಿ ಮಾಡಿ, ತಲೆಕೆಳಗು ಮಾಡಿ ಅಂಟಿಸಿದ್ದೆ. ಅವಳ ಪ್ರಶ್ನೆ ಬಿಡಲಿಲ್ಲ. ಮನೆಯಲ್ಲಿ ಮತ್ತೆ ಹಣ್ಣು ಇಟ್ಟು ನೋಡಿದೆ. ಸ್ವಲ್ಪ ಮೇಲಿನಿಂದ ನೋಡುವ ನಮಗೆ ಹಣ್ಣಿನ ಮೇಲ್ಭಾಗ ಕಾಣುತ್ತದೆ. ಪ್ರತಿಬಿಂಬ ತೋರಿಸುವುದು ಕಲ್ಲಿನ ಕೆಳಗಿನಿಂದ ನೋಡಿದಂತೆ, ಹಣ್ಣಿನ ಅಡಿಭಾಗವನ್ನು. ಕಿರೀಟದ ಒಳಭಾಗ ಅಲ್ಲಿ ಕಾಣುವುದೇ ಇಲ್ಲ. ಕಲ್ಲಿನೊಳಗಿನ ಬಿಂಬ ಹಣ್ಣಿಗಿಂತ ಮಂಕಾಗಿಯೂ ಇತ್ತು. ನಾನು ಎರಡಕ್ಕೂ ಒಂದೇ ಹೊಳಪು ಕೊಟ್ಟಿದ್ದೆ.

ಎಡಿಟಿಂಗ್ ತಪ್ಪು ಎಂದು ನಾನು ಹೇಳುತ್ತಿಲ್ಲ. ಬೆಳಕು ಹೆಚ್ಚು ಕಡಿಮೆ ಮಾಡಬಹುದು, ಅಂಚು ಕತ್ತರಿಸಬಹುದು, ಕಲ್ಲಿನ ಮೇಲಿನ ಧೂಳು ಅಳಿಸಬಹುದು. ಆದರೆ ಇಲ್ಲದ ಬಿಂಬ ಅಂಟಿಸುವುದು, ತಾಳೆಯಾಗದ ಟ್ರಯಲ್ ಬ್ಯಾಲೆನ್ಸ್‌ಗೆ ಒಂದು ಅಂಕಿ ತುರುಕಿದಂತೆ.

ನನ್ನ ಮುಖ್ಯ ಮಾತು ಬೇರೆ. ‘ಸೂಪರ್’ ಎಂದ ಮೂವತ್ತು ಜನರಿಂದ ನಾನು ಏನೂ ಕಲಿಯಲಿಲ್ಲ. ಒಂದು ಪ್ರಶ್ನೆಯಿಂದ ಕಲಿತೆ. ಟೀಕಿಸಿದರೆ ಹೊಸಬರ ಮನಸ್ಸು ನೋಯುತ್ತದೆ ಎನ್ನುವವರಿದ್ದಾರೆ. ನೋಯುತ್ತದೆ, ನನಗೂ ನೋವಾಯಿತು. ಆದರೆ ಮನೆಯಲ್ಲಿ ಉರ್ದು ಮಾತಾಡುವ ನನ್ನ ಪ್ರಬಂಧದಲ್ಲಿ ಕನ್ನಡ ಸರ್ ಒತ್ತಕ್ಷರದ ತಪ್ಪಿಗೆಲ್ಲ ಕೆಂಪು ಗೆರೆ ಎಳೆಯುತ್ತಾರೆ. ಅವರು ಹಾಗೆ ಎಳೆಯದಿದ್ದರೆ ಈ ಲೇಖನ ಬರೆಯುವ ಧೈರ್ಯ ನನಗೆಲ್ಲಿಂದ ಬರುತ್ತಿತ್ತು? ಗೆರೆ ಬೀಳುವುದು ಅಕ್ಷರದ ಕೆಳಗೆ, ನನ್ನ ಮೇಲಲ್ಲ. ಫೋಟೋ ಬಗ್ಗೆಯೂ ಹಾಗೆಯೇ ಮಾತಾಡೋಣ: ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ಎಡವಿತು, ಏಕೆ?

ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬೆಳಕಿನಲ್ಲಿ ಮತ್ತೆ ತೆಗೆದ ಫೋಟೋ ಈ ವಾರ ಗೋಡೆಯ ಮೇಲಿದೆ. ಬಿಂಬ ಮಂಕಾಗಿದೆ, ಆದರೆ ಅಸಲಿ. ದಯವಿಟ್ಟು ಬಂದು ನೋಡಿ, ಒಂದಾದರೂ ತಪ್ಪು ಹೇಳಿ ಹೋಗಿ.