ಅಡುಗೆಮನೆ: ಎಳ್ಳಿನ ರಸ ಮತ್ತು ನಮ್ಮ ಪಚಡಿ

ರಾಯಚೂರು, ದೇವದುರ್ಗ, ಮಾನ್ವಿಗಳ ಮನೆಗಳಲ್ಲಿ ಜೋಳದ ರೊಟ್ಟಿಯ ಮಗ್ಗುಲಲ್ಲಿ ಹಸಿ ಮೆಂತ್ಯೆಸೊಪ್ಪು, ಉಳ್ಳಾಗಡ್ಡಿ, ಸವತೆಕಾಯಿ ಇರುವುದು ವಾಡಿಕೆ. ಗುರೆಳ್ಳು ಪುಡಿಗೆ ಮೊಸರು, ಹಸಿ ಎಣ್ಣೆ ಕಲಸಿ ಅವುಗಳೊಡನೆ ಉಣ್ಣುತ್ತೇವೆ. ಇದಕ್ಕೆ ದೂರದ ಜಪಾನಿನಲ್ಲಿಯೂ ಒಂದು ಹೋಲಿಕೆಯುಂಟು. ಅಲ್ಲಿ ಹುರಿದು ಅರೆದ ಎಳ್ಳಿಗೆ ಸೋಯಾ ಸಾಸ್, ಅಕ್ಕಿಯ ವಿನೆಗರ್, ಎಣ್ಣೆ, ತುಸು ಸಕ್ಕರೆ ಬೆರೆಸಿ ಹಸಿ ತರಕಾರಿಯ ಮೇಲೆ ಹಾಕುವರು.

ಈ ರಸವೀಗ ಸೀಸೆಗಳಲ್ಲಿ ದೊರೆಯುತ್ತದೆ. ಆದರೆ ಸಸ್ಯಾಹಾರಿ ಮನೆತನಗಳು ಎಚ್ಚರ ವಹಿಸಬೇಕು. ಎಳ್ಳಿನ ಹೆಸರು ಹೊತ್ತ ಸೀಸೆಯಲ್ಲಿ ಮೊಟ್ಟೆಯ ಹಳದಿ ಇರಬಹುದು; ಕೆಲವುದರಲ್ಲಿ ಒಣಮೀನಿನ ಸಾರವೂ ಇರುತ್ತದೆ. ಹಸಿರು ಚುಕ್ಕೆಯನ್ನೂ ಪದಾರ್ಥಗಳ ಪಟ್ಟಿಯನ್ನೂ ನೋಡದೆ ಕೊಳ್ಳಲಾಗದು. ಆದುದರಿಂದ ಮನೆಯ ವಿಧಾನವನ್ನೇ ನಾವು ಸೂಚಿಸುತ್ತೇವೆ.

4 ಚಮಚ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಹುರಿಯಿರಿ, ಕಪ್ಪಾದರೆ ಕಹಿಯಾಗುವುದು. ಆರಿದ ಮೇಲೆ ಕುಟ್ಟಿ, 2 ಚಮಚ ನಿಂಬೆರಸ, 2 ಚಮಚ ಶೇಂಗಾ ಎಣ್ಣೆ, 1 ಚಮಚ ಸೋಯಾ ಸಾಸ್, 1 ಚಮಚ ಬೆಲ್ಲದ ಪುಡಿ, ತುಸು ನೀರು ಬೆರೆಸಿರಿ. ಸಾಸಿನಲ್ಲಿ ಉಪ್ಪು ಬಹಳ; ಬೇರೆ ಉಪ್ಪು ಬೇಡ. ರಕ್ತದೊತ್ತಡವುಳ್ಳ ಹಿರಿಯರಿಗೆ ಸಾಸನ್ನೇ ಬಿಟ್ಟು, ನಿಂಬೆರಸ ಹೆಚ್ಚಿಸಿರಿ. ಹೆಚ್ಚಿದ ಸವತೆ, ಗಜ್ಜರಿ, ಮೂಲಂಗಿಗೂ ಮೊಳಕೆ ಹೆಸರಿಗೂ ಬೇಯಿಸಿದ ಬೀನ್ಸಿಗೂ ಇದು ಒಪ್ಪುವುದು. ಬಡಿಸುವಾಗಲೇ ಬೆರೆಸಿರಿ, ಮೊದಲೇ ಬೆರೆಸಿದರೆ ತರಕಾರಿ ನೀರು ಬಿಡುವುದು.

ಹೊಸ ರುಚಿಯ ನೆವದಿಂದಾದರೂ ಮಕ್ಕಳು ಹಸಿ ತರಕಾರಿ ತಿನ್ನಲಿ. ಆದರೆ ಗುರೆಳ್ಳಿನ ಡಬ್ಬಿ ಬರಿದಾಗದಿರಲಿ ಎಂಬುದು ನಮ್ಮ ಬಿನ್ನಹ.